ದೊಡ್ಡ ಅಳಿಯನ ಮುಖ

ನನ್ನ ಷಡ್ಡಕ ನನಗಿಂತ ಆರು ವರ್ಷ ದೊಡ್ಡವನು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಮ್ಮಿಬ್ಬರನ್ನು ಒಟ್ಟಿಗೆ ನೋಡಿದವರು ಯಾರೂ ನಂಬುವುದಿಲ್ಲ. ಅವನು ನನ್ನ ಹೆಂಡತಿಯ ಅಕ್ಕನ ಗಂಡ, ಕಾಗವಾಡದ ಕಡೆ ದ್ರಾಕ್ಷಿ ತೋಟ ಮಾಡಿಕೊಂಡಿದ್ದಾನೆ. ನಾನು ಅಥಣಿಯವನು, ಬೈಕಿನ ಮೇಲೆ ಊರೂರು ತಿರುಗಿ ಒಣದ್ರಾಕ್ಷಿ ಕೊಳ್ಳುವ ವ್ಯಾಪಾರಿ. ಬಿಸಿಲು ಇಬ್ಬರಿಗೂ ಒಂದೇ. ಆದರೂ ಅವನ ಕೆನ್ನೆ ತಿಕ್ಕಿದ ಹಿತ್ತಾಳೆ ತಂಬಿಗೆಯಂತೆ ಹೊಳೆಯುತ್ತದೆ. ನನ್ನದು ಚೀಲದ ತಳದಲ್ಲಿ ಉಳಿದ ಹೋದ ವರ್ಷದ ಮಾಲು.

ಅಧಿಕ ಮಾಸ ಬಂದರೆ ನಮ್ಮ ಕಡೆ ಅಳಿಯಂದಿರನ್ನು ಕರೆದು ಧೋಂಡ ಉಣಿಸುತ್ತಾರೆ. ಹೂರಣ ತುಂಬಿದ ಸಿಹಿ, ಮೇಲೆ ತುಪ್ಪ, ಹೊಸ ಬಟ್ಟೆ. ಅದಕ್ಕೂ ಮೊದಲು ಅಳಿಯಂದಿರನ್ನು ಮಣೆಯ ಮೇಲೆ ಸಾಲಾಗಿ ಕೂರಿಸಿ, ದೊಡ್ಡವನಿಂದ ಶುರುಮಾಡಿ ಆರತಿ ಎತ್ತುತ್ತಾರೆ. ಅಕ್ಕೋಳದ ಮಾವನ ಮನೆಯಲ್ಲಿ ಹೋದ ಅಧಿಕ ಮಾಸದಲ್ಲಿ ಪಕ್ಕದ ಮನೆಯ ಮುದುಕಿ ತಟ್ಟೆ ಹಿಡಿದು ಬಂದವಳು, ಇಬ್ಬರ ಮುಖವನ್ನೂ ನೋಡಿ, ಸೀದಾ ನನ್ನ ಹಣೆಗೆ ಕುಂಕುಮ ಹಚ್ಚಿದಳು. ಅತ್ತೆ ಓಡಿಬಂದು ತಡೆದರು. ಎಲ್ಲರೂ ನಕ್ಕರು. ಎಲ್ಲರಿಗಿಂತ ಹೆಚ್ಚು ನಕ್ಕವಳು ನನ್ನ ಹೆಂಡತಿ.

ಆ ನಗೆ ಮೂರು ವರ್ಷ ನನ್ನ ಜೊತೆ ಬೈಕಿನ ಹಿಂದೆ ಕೂತು ತಿರುಗಿತು. ಮುಂದಿನ ಧೋಂಡಕ್ಕೆ ನಾನು ಚಿಕ್ಕ ಅಳಿಯನಂತೆ ಕಾಣಬೇಕು, ಅದನ್ನು ಅವಳು ಬಾಯಿಬಿಟ್ಟು ಹೇಳಬೇಕು. ನನಗೆ ಬೇಕಾಗಿದ್ದುದು ಇಷ್ಟೇ.

ಷಡ್ಡಕನ ಬಳಿ ಒಂದು ಸಣ್ಣ ಜಿಪ್ ಚೀಲ ಇರುವುದು ನನಗೆ ಗೊತ್ತಿತ್ತು. ಅವನು ಸ್ನಾನಕ್ಕೆ ಹೋದಾಗ ಒಮ್ಮೆ ತೆಗೆದೂ ನೋಡಿದ್ದೆ. ಮುಖ ತೊಳೆಯುವುದೊಂದು, ಬಿಸಿಲಿಗೆ ಹಚ್ಚುವುದೊಂದು, ರಾತ್ರಿಗೆ ಮತ್ತೊಂದು. ಗಂಡಸಿಗೆ ಇದೆಲ್ಲ ಯಾಕೆ ಎಂದು ಹೆಂಡತಿಯ ಮುಂದೆ ಹಾಸ್ಯ ಮಾಡಿದೆ. ಒಳಗೆ ಮಾತ್ರ ಹೊಟ್ಟೆ ಉರಿಯುತ್ತಿತ್ತು. ಕೇಳಿದ್ದರೆ ಅವನು ಹೇಳುತ್ತಿದ್ದ. ಆದರೆ ಬೇಕು ಎಂದು ತೋರಿಸಿಕೊಂಡವನು ಸೋತ ಎನ್ನುವುದು ನನ್ನ ವ್ಯಾಪಾರದ ಮೊದಲ ಪಾಠ. ನಾನು ಯಾರನ್ನೂ ಕೇಳಿ ಮೇಲೆ ಬಂದವನಲ್ಲ.

ಹಾಗಾಗಿ ಈ ಸಲದ ಧೋಂಡಕ್ಕೆ ಎರಡು ತಿಂಗಳು ಇರುವಾಗ, ಒಂದು ಸಂತೆಯಲ್ಲಿ ತಾಡಪತ್ರಿ ಹಾಸಿ ಕೂತವನ ಹತ್ತಿರ ಮುಖಕ್ಕೆ ಹಚ್ಚುವ ಕ್ರೀಮು ಕೊಂಡೆ. ಡಬ್ಬಿಯ ಮೇಲೆ ಏನೇನು ಹಾಕಿದ್ದಾರೆಂದು ಬರೆದಿರಲಿಲ್ಲ. ನಾನು ನೋಡಿದ್ದು ಅದನ್ನಲ್ಲ. ಎರಡರ ದುಡ್ಡಿಗೆ ಮೂರು ಕೊಡುವವರೆಗೆ ಅವನನ್ನು ಬಿಡಲಿಲ್ಲ, ಗೆದ್ದೆ ಎಂದುಕೊಂಡು ಬಂದೆ.

ಹದಿನೈದು ದಿನದಲ್ಲಿ ಮುಖ ಬೆಳ್ಳಗಾಯಿತು. ಅಥಣಿಯ ನನ್ನ ಅಂಗಡಿಯಲ್ಲಿ ಗಲ್ಲಾಪೆಟ್ಟಿಗೆಯ ಹತ್ತಿರ ಕನ್ನಡಿ ತೂಗುಹಾಕಿಸಿದೆ. ಇಲ್ಲಿ ನನ್ನ ಮೂರ್ಖತನವನ್ನು ಒಪ್ಪಿಕೊಳ್ಳಬೇಕು. ಗಂಧಕದ ಹೊಗೆ ಹೆಚ್ಚು ಕೊಟ್ಟು ಹೊಂಬಣ್ಣ ಬರಿಸಿದ ಒಣದ್ರಾಕ್ಷಿಯನ್ನು ನಾನು ಮೂಸಿಯೇ ತಿರುಗಿ ಕಳಿಸುತ್ತೇನೆ. ಅವಸರದಲ್ಲಿ ಬಂದ ಬಣ್ಣ ನಿಲ್ಲುವುದಿಲ್ಲ ಎಂದು ಎಷ್ಟು ರೈತರಿಗೆ ಬುದ್ಧಿ ಹೇಳಿದ್ದೇನೋ. ನನ್ನ ಮುಖವನ್ನು ಮಾತ್ರ ಮೂಸಿ ನೋಡಲಿಲ್ಲ.

ಮೂರು ಡಬ್ಬಿಯೂ ಖಾಲಿಯಾದವು. ಧೋಂಡಕ್ಕೆ ಒಂದು ವಾರ ಇರುವಾಗ ಕೆನ್ನೆ ಕೆಂಪಾಗಿ ಉರಿಯತೊಡಗಿತು, ಸಣ್ಣ ಗುಳ್ಳೆ ಎದ್ದವು. ಬಿಸಿಲಿಗೆ ಬಂದರೆ ಮುಖಕ್ಕೆ ಖಾರದಪುಡಿ ಉಗ್ಗಿದ ಹಾಗೆ. ಹೋಗದೇ ಇದ್ದರೆ ಅತ್ತೆಗೆ ಬೇಸರ. ಮುಖಕ್ಕೆ ಟವೆಲ್ ಸುತ್ತಿಕೊಂಡು ಹೋದೆ.

ಮಣೆಯ ಮೇಲೆ ಕೂತಾಗ ಟವೆಲ್ ತೆಗೆಯಲೇಬೇಕಾಯಿತು. ಅದೇ ಮುದುಕಿ, ಅದೇ ತಟ್ಟೆ. ಅವಳ ಕಣ್ಣು ನನ್ನ ಕಡೆ ತಿರುಗಿದ್ದು ಕಂಡಿತು. ಅಷ್ಟರಲ್ಲಿ ಷಡ್ಡಕ ಮುಂದೆ ಬಾಗಿ ಅವಳಿಗೆ ಹಣೆ ಒಡ್ಡಿದ. "ಮೊದಲ ನನಗ ಹಚ್ಚಬೇ ಆಯಿ, ದೊಡ್ಡಾಂವ ನಾ," ಎಂದ. ಯಾರೂ ನಗಲಿಲ್ಲ. ಅವನು ನನ್ನ ಮಾನ ಉಳಿಸಿದ್ದ. ಅವನ ಮೇಲೆ ಅಷ್ಟು ಸಿಟ್ಟು ನನಗೆ ಹಿಂದೆಂದೂ ಬಂದಿರಲಿಲ್ಲ. ಮುಖವೂ ಚಂದ, ಗುಣವೂ ಚಂದ ಎಂದರೆ ಉಳಿದವರು ಬದುಕುವುದು ಹೇಗೆ?

ಊಟವಾದ ಮೇಲೆ ನನ್ನನ್ನು ಹಿತ್ತಲಿಗೆ ಕರೆದು ಕೆನ್ನೆಯನ್ನು ಹತ್ತಿರದಿಂದ ನೋಡಿದ.

"ಹೆಸರಿಲ್ಲದ ಡಬ್ಬಿ ಹೌದಿಲ್ಲೋ?"

ನಾನು ಟವೆಲ್ ಮತ್ತೆ ಕೆನ್ನೆಯ ಮೇಲೆ ಎಳೆದುಕೊಂಡೆ.

"ನಾನೂ ಹಚ್ಚಿ ಸುಟ್ಕೊಂಡೇನಿ ತಮ್ಮಾ. ನಿನಗಿಂತ ಐದ್ ವರ್ಷ ಮೊದಲ."

ತಪ್ಪು ಮಾಡುವುದರಲ್ಲೂ ನನಗಿಂತ ಮುಂದಿದ್ದ. ಮರುದಿನ ತಾನೇ ಚಿಕ್ಕೋಡಿಯ ಚರ್ಮದ ವೈದ್ಯರ ಬಳಿ ಕರೆದುಕೊಂಡು ಹೋದ. ಆ ಜಿಪ್ ಚೀಲ ಅವರ ಚೀಟಿಯಿಂದಲೇ ಹುಟ್ಟಿದ್ದಂತೆ. ಅಂಥ ಡಬ್ಬಿಗಳಲ್ಲಿ ಸ್ಟೆರಾಯ್ಡ್ ಬೆರೆಸಿರುತ್ತಾರೆ, ಚರ್ಮ ತೆಳ್ಳಗಾಗುತ್ತದೆ ಎಂದು ಬೈದ ವೈದ್ಯರು, ಸುಧಾರಿಸಲು ತಿಂಗಳುಗಟ್ಟಲೆ ಬೇಕು ಎಂದರು.

ಈಗ ನನ್ನ ಬಳಿಯೂ ಒಂದು ಜಿಪ್ ಚೀಲವಿದೆ. ಓದುವ ಗಂಡಸರಿಗೆ ಪುಕ್ಕಟೆ ಸಲಹೆ: ಒಳಗೇನಿದೆ ಎಂದು ಬರೆಯದ ಡಬ್ಬಿಯನ್ನು ದುಡ್ಡಿಲ್ಲದೆ ಕೊಟ್ಟರೂ ಮುಟ್ಟಬೇಡಿ. ಬಿಸಿಲಿಗೆ ಹಚ್ಚುವುದನ್ನು ಹೊರಡುವ ಮೊದಲೇ ಹಚ್ಚಿ, ಮಧ್ಯಾಹ್ನ ಮುಖ ತೊಳೆದು ಇನ್ನೊಮ್ಮೆ ಹಚ್ಚಿ. ದಾಡಿ ಮಾಡಿದ ಮೇಲೆ ಪಟಕದ ಕಲ್ಲು ಉಜ್ಜಿದರೆ ಸಾಕೆನ್ನುವ ಅಜ್ಜನ ಕಾಲದ ಲೆಕ್ಕ ಬಿಡಿ. ಹತ್ತಿರದವರಿಗೆ ಗೊತ್ತಿದ್ದರೆ ಕೇಳಿ. ನಾನು ಕೇಳದೆ ಕೆಟ್ಟೆ.

ಆರೇಳು ತಿಂಗಳಿಗೆ ಉರಿ ನಿಂತಿತು, ಮುಖ ತಿಳಿಯಾಯಿತು. ಒಂದು ಬೆಳಿಗ್ಗೆ ಚಹಾ ಕೊಡಲು ಬಂದ ಹೆಂಡತಿ ಕಪ್ಪನ್ನು ಕೈಯಲ್ಲೇ ಹಿಡಿದು ನನ್ನನ್ನು ನೋಡುತ್ತ ನಿಂತಳು. ಮೂರು ವರ್ಷ ಕಾದಿದ್ದ ಮಾತು ಬರುತ್ತದೆಂದು ನಾನು ಬೆನ್ನು ನೆಟ್ಟಗೆ ಮಾಡಿ ಕೂತೆ.

"ಮಾರಿ ಭಾಳ ಚಂದ ಆಗೇತ್ರಿ," ಎಂದಳು. "ಥೇಟ್ ನಮ್ಮ ಅಕ್ಕನ ಗಂಡನಂಗ."

ಚಹಾ ಬಹಳ ಸಿಹಿಯಾಗಿದೆ ಎಂದು ನಾನು ರೇಗಿದೆ. ಆಗಿನ್ನೂ ಅದನ್ನು ಕುಡಿದೇ ಇರಲಿಲ್ಲ.