ಅಕ್ಕನ ಎಡಗಾಲಿನ ಸದ್ದು

ಆ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿತ್ತು ಎಂದು ಹೇಳಹೊರಟರೆ ಸುಳ್ಳು ಸೇರಿಕೊಳ್ಳುತ್ತದೆ. ನೆನಪಿಗೆ ಮಂಜೆಂದರೆ ಬಹಳ ಇಷ್ಟ. ತನಗೆ ಗೊತ್ತಿಲ್ಲದ್ದನ್ನೆಲ್ಲ ಅದರೊಳಗೆ ಅಡಗಿಸಿಬಿಡಬಹುದು. ಆದ್ದರಿಂದ ಕಂಡದ್ದನ್ನು ಆದಷ್ಟು ಬಿಟ್ಟು, ಕೇಳಿದ್ದನ್ನು ಬರೆಯುತ್ತೇನೆ.

ಕೇಳಿದ್ದು ಅಕ್ಕನ ಎಡಗಾಲು. ಮಳೆಗಾಲದ ಕೊನೆಯಲ್ಲಿ ಅವಳಿಗೆ ಲಕ್ವ ಹೊಡೆದಿತ್ತು. ಬಾಯಿ ನೆಟ್ಟಗಾಯಿತು, ಕೈ ಹಿಡಿತಕ್ಕೆ ಬಂತು, ಆ ಕಾಲು ಮಾತ್ರ ನೆಲ ಬಿಟ್ಟು ಏಳಲಿಲ್ಲ. ಹಾಸನದ ಡಾಕ್ಟರು ಸುತ್ತಿಬಳಸಿ ಹೇಳುವವರಲ್ಲ. "ಚಳಿ ಅಂತ ಒಲೆ ಮುಂದೆ ಕೂತ್ಬಿಟ್ರೆ ಈ ಕಾಲು ಹೀಗೇ ಉಳಿಯುತ್ತೆ. ದಿನಾ ನಡೀಬೇಕು. ಬೇಸಿಗೆ ಬರ್ಲಿ ಅಂತ ಕಾಯೋ ಹಾಗಿಲ್ಲ" ಎಂದರು. ಅಕ್ಕನ ಮನೆ ದುದ್ದದ ಹತ್ತಿರದ ಹಳ್ಳಿಯಲ್ಲಿ. ಬೆಳಿಗ್ಗೆ ಭಾವನಿಗೆ ಹಾಲು ಕರೆದು ಡೇರಿಗೆ ಹಾಕುವ ಅವಸರ. ಹಾಗಾಗಿ ಆ ಚಳಿಗಾಲ ಅಕ್ಕನನ್ನು ನಡೆಸಲೆಂದು ನಾನು ಹಾಸನದಿಂದ ಬಂದು ಅಲ್ಲಿ ಉಳಿದೆ.

ನಡೆಸಲು ಅವಳು ಬಿಟ್ಟರಲ್ಲವೆ. ಮೊದಲ ದಿನವೇ ಹೊಸ್ತಿಲಲ್ಲಿ ನಿಂತು ಕಾನೂನು ಮಾಡಿದಳು.

"ನೀನ್ ಮುಂದೆ ಓಗು. ನಾನ್ ಇಂದೆ ಬತ್ತೀನಿ. ತಿರುಗಿ ನೋಡ್ಬ್ಯಾಡ ಕಣ್ಲಾ, ನೋಡುದ್ರೆ ಕಾಲು ನಿಂತ್ಬುಡ್ತದೆ."

"ಬಿದ್ದರೆ?"

"ಬಿದ್ರೆ ಕೂಗ್ತೀನಿ. ಬಾಯಿಗೇನಾಗದೆ ಈಗ?"

"ಅದಕ್ಕೂ ಒಂಚೂರು ರೆಸ್ಟ್ ಕೊಡು."

"ಮೊದ್ಲು ಆ ಮಂಕಿ ಕ್ಯಾಪ್ ತೆಗಿ. ಅಸ ಕರ ಎದುರ್ಕತವೆ."

ಬಸ್ ಸ್ಟಾಪಿನವರೆಗೆ ಹೋಗಿ ಬರುವುದು ನಮ್ಮ ರೂಢಿ. ನಾನು ಮುಂದೆ, ಹಿಂದೆ ಡಾಂಬರಿನ ಮೇಲೆ ಅವಳ ಚಪ್ಪಲಿ: ಪಟ್, ಆಮೇಲೆ ಸರ್‍ರ್. ಪಟ್, ಸರ್‍ರ್. ತಿರುಗುವಂತಿಲ್ಲವಾದ್ದರಿಂದ ಅವಳು ಎಲ್ಲಿದ್ದಾಳೆಂದು ಕಿವಿಯಲ್ಲೇ ಅಳೆಯುತ್ತಿದ್ದೆ. ಕೆಲವು ಸಲ ಸದ್ದು ನನ್ನ ಕುತ್ತಿಗೆಯ ಹತ್ತಿರವೇ ಇರುತ್ತಿತ್ತು, ಕೆಲವು ಸಲ ಪಕ್ಕದ ತೆಂಗಿನ ತೋಟದೊಳಗಿಂದ ಬಂದಂತಿರುತ್ತಿತ್ತು. ಒಂದು ಮಧ್ಯಾಹ್ನ ಅಕ್ಕ ನನ್ನೆದುರೇ ಮಲಗಿದ್ದಾಗ ನಡುಮನೆಯಲ್ಲಿ ಸರ್‍ರ್ ಎಂದಿತು. ಅಥವಾ ಎಂದಿತೆಂದು ಆಮೇಲೆ ಸೇರಿಸಿಕೊಂಡೆನೋ ಏನೋ.

ಆ ಬೆಳಿಗ್ಗೆ ಯಾರೋ ರಸ್ತೆಗೆ ಹುರುಳಿ ಹಾಸಿದ್ದರು. ನಮ್ಮ ಕಡೆ ಕೊಯ್ದ ಹುರುಳಿ, ರಾಗಿಯನ್ನು ಕಣಕ್ಕೆ ಒಯ್ಯುವ ಬದಲು ಡಾಂಬರಿನ ಮೇಲೇ ಹರಡುತ್ತಾರೆ; ಬಸ್ಸು ಟೆಂಪೋಗಳ ಚಕ್ರಕ್ಕೆ ಸಿಕ್ಕು ಕಾಳು ಉದುರುತ್ತದೆ. ಡ್ರೈವರುಗಳೂ ಅದಕ್ಕೆ ಬ್ರೇಕು ಒತ್ತುವುದಿಲ್ಲ, ಹತ್ತಿಸಿಕೊಂಡೇ ಹೋಗುತ್ತಾರೆ. ಮಂಜಿನಲ್ಲಿ ನನಗೆ ಬಳ್ಳಿ ಕಾಣಲಿಲ್ಲ. ನನ್ನ ಹೆಜ್ಜೆಯ ಸದ್ದು ಇದ್ದಕ್ಕಿದ್ದಂತೆ ನಿಂತಾಗ ತಿಳಿಯಿತು. ಸ್ವಲ್ಪ ಹೊತ್ತಿಗೆ ಹಿಂದಿನ ಸದ್ದೂ ನಿಂತಿತು. ಅಕ್ಕನೂ ಹುರುಳಿಯ ಮೇಲೆ ಬಂದಳು ಅಂದುಕೊಂಡೆ.

ಹಾಸು ಮುಗಿಯಿತು. ನನ್ನ ಹೆಜ್ಜೆ ಮತ್ತೆ ಕೇಳಿಸಿತು. ಅವಳದು ಕೇಳಿಸಲಿಲ್ಲ.

ನಿಂತೆ. ಆಗಲೂ ತಿರುಗಲಿಲ್ಲ, ಇದನ್ನು ಮಾತ್ರ ಖಂಡಿತ ಹೇಳಬಲ್ಲೆ. ಆಗ ಮುಂದುಗಡೆಯಿಂದ ಸರ್‍ರ್ ಎಂದಿತು. ಸದ್ದಿಲ್ಲದ ಹಾಸಿನ ಮೇಲೆ ಅಕ್ಕ ನನ್ನನ್ನು ದಾಟಿಬಿಟ್ಟಳೆ? ಆ ಕಾಲಲ್ಲಿ?

"ಅಕ್ಕಾ!"

ಸದ್ದು ತಟ್ಟನೆ ನಿಂತಿತು. ಮತ್ತೆ ಶುರುವಾಯಿತು, ಮೊದಲಿಗಿಂತ ಬೇಗ. ನಾನು ಬಿರುಸಾದಷ್ಟೂ ಅದೂ ಬಿರುಸಾಯಿತು. ನಡುವಿನ 'ಪಟ್' ಇರಲಿಲ್ಲವೆಂದು ನನಗೆ ಹೊಳೆಯಲೇ ಇಲ್ಲ. ಕೊನೆಗೆ ಮುಸುಕು ಹಾಕಿದ ಒಂದು ಆಕಾರ ಕಂಡಿತು, ಅದರ ಹಿಂದೆ ನೆಲದ ಮೇಲೆ ಉದ್ದನೆಯ ಬಾಲ. ಮುದುಕನೊಬ್ಬ ಬಿದ್ದ ತೆಂಗಿನ ಗರಿಯನ್ನು ಒಲೆಗೆಂದು ಎಳೆದೊಯ್ಯುತ್ತಿದ್ದ.

"ಅಕ್ಕಾ ಅಂದುದ್ದು ನೀವೇಯಾ ಸಾ? ನಾನು ಇನ್ಯಾವ್ದೋ ಅಂದ್ಕಂಡು ಬಾಯೇ ಬುಡಲಿಲ್ಲ. ಮಂಜಲ್ಲಿ ಕೂಗುದ್ರೆ ಓ ಅನ್ಬಾರ್ದು."

ಅಷ್ಟರಲ್ಲಿ ನಾವು ಬಂದ ಕಡೆಯಿಂದ ಬಸ್ಸಿನ ಹಾರನ್ ಕೇಳಿಸಿತು. ಅಕ್ಕ ಇನ್ನೂ ಹುರುಳಿಯ ಮೇಲಿದ್ದಳು. ಬಸ್ಸು ಹತ್ತಿಸಿಕೊಂಡೇ ಬರುವ ಹುರುಳಿಯ ಮೇಲೆ.

ಓಡಿದೆ. ಹಳದಿ ದೀಪ ಎದುರಾಯಿತು, ಬಸ್ಸು ನನ್ನನ್ನು ದಾಟಿತು. ಅದರ ಹೊಟ್ಟೆಯ ಕೆಳಗೆ ಬಳ್ಳಿಗಳು ಸಿಕ್ಕಿಕೊಂಡು ನೆಲ ಸವರುತ್ತ ಹೋದವು, ಸರ್‍ರ್ ಎಂದೇ. ಹಾಸಿನ ಅಂಚಿಗೆ ಬಂದು ಕೂಗಿದೆ. ಯಾರೂ ಓ ಅನ್ನಲಿಲ್ಲ. ಬಿಳಿಯ ಮಂಜು, ಕಾಲಡಿಯಲ್ಲಿ ಒಡೆದ ಕಾಯಿಗಳು, ಹಸಿ ಹುರುಳಿಯ ವಾಸನೆ.

"ತಿರುಗ್ಬ್ಯಾಡ ಅಂದಿದ್ನಲ್ಲೋ."

ಕೈಗೆಟುಕುವಷ್ಟು ಹತ್ತಿರದಲ್ಲಿ, ಅವಳು ಮಂಜಿನಿಂದ ನಡೆದು ಬರುತ್ತಿದ್ದಳು. ಗದ್ದೆಯ ಕೆಸರಲ್ಲಿ ನಡೆಯುವವರಂತೆ ಎಡಗಾಲನ್ನು ಎತ್ತಿ ಇಡುತ್ತಿದ್ದಳು. ಸದ್ದೇ ಇರಲಿಲ್ಲ. ಒಂದು ಕ್ಷಣ ನನಗೆ ಸಂತೋಷವಾಗಲಿಲ್ಲ, ಹೆದರಿಕೆಯಾಯಿತು. ಅವಳು ಬೇರೆ ಯಾರೋ ಅನ್ನಿಸಿತು.

"ಬಸ್ಸು?"

"ಬಂತು, ಓಯ್ತು. ಕಾಲ ಪಕ್ಕಕ್ಕೆ ಎತ್ತಿಟ್ಟೆ. ಎಳುದ್ರೆ ಬಳ್ಳಿ ಸುತ್ಕಂತದೆ ಕಣ್ಲಾ, ಎತ್ಲೇಬೇಕು. ಅದ್ಕೇ ಇಲ್ಲೇ ಅತ್ಲಾಗಿತ್ಲಾಗೆ ಓಡಾಡ್ತಿದ್ದೆ. ನೋಡು."

ನೋಡಲು ಅವಳೇ ಹೇಳಿದ್ದು ಆ ಒಂದು ಸಲ. ನಾನು ಅಲ್ಲೇ ಅತ್ತೆನೆಂದು ಈಗ ಹೇಳುತ್ತಾಳೆ. ನನಗೆ ಹಾಗೆ ನೆನಪಿಲ್ಲ. ನಾನು ಮೊದಲ ಸಲ ಕೂಗಿದಾಗಲೇ ತಾನು ಓ ಅಂದಿದ್ದೆನೆಂದೂ ಹೇಳುತ್ತಾಳೆ. ನನಗೆ ಅದು ಕೇಳಿಸಿರಲಿಲ್ಲ.

ಆಮೇಲೆ ಭಾವ ಅಂಗಳದಲ್ಲಿ ಹುರುಳಿ ಹೊಟ್ಟು, ಬಳ್ಳಿ ಹರಡಿಕೊಟ್ಟರು. ದಿನವೂ ಅದರ ಮೇಲೆ ತುಳಿದಾಡಿ, ಚಳಿ ಮುಗಿಯುವ ಹೊತ್ತಿಗೆ ಅವಳು ಡಾಂಬರಿನ ಮೇಲೂ ಕಾಲು ಎತ್ತಿಡುವಂತಾದಳು.

ಈ ಚಳಿಗಾಲವೂ ನಾನು ಹೋಗುತ್ತೇನೆ. ಕಾನೂನು ಬದಲಾಗಿಲ್ಲ: ನಾನು ಮುಂದೆ, ಅವಳು ಹಿಂದೆ. ಹಿಂದೆ ಈಗ ಸದ್ದಿಲ್ಲ, ಅವಳು ಬರುತ್ತಿದ್ದಾಳೆಂದು ನಂಬಿ ನಡೆಯಬೇಕು. ಕೆಲವು ಬೆಳಿಗ್ಗೆ ಮಂಜಿನೊಳಗಿಂದ ಸರ್‍ರ್ ಎನ್ನುತ್ತದೆ. ತೆಂಗಿನ ಗರಿ ಎಂದುಕೊಳ್ಳುತ್ತೇನೆ. ಅಕ್ಕನಿಗೂ ಕೇಳಿಸಿರಬೇಕು. ಇಬ್ಬರೂ ಬಾಯಿ ಬಿಡದೆ ನಡೆಯುತ್ತೇವೆ.