ಆಮೆನ್ ಸಿಗದ ಪ್ರಾರ್ಥನೆ

ಸ್ವಲ್ಪ ನಿಲ್ಲಿ, ಇದೊಂದನ್ನು ಓದಿಯೇ ಮುಂದೆ ಹೋಗಿ. ಮುನವಳ್ಳಿಯಲ್ಲಿ ನಮ್ಮ ಕ್ರೈಸ್ತ ಸಭೆ ಕೂಡುವುದು ಒಬ್ಬ ಅಕ್ಕನ ಮನೆಯ ಪಡಸಾಲೆಯಲ್ಲಿ. ಭಾನುವಾರ ಹಾಡು ಮುಗಿದ ಮೇಲೆ ಒಬ್ಬೊಬ್ಬರೇ ಎದ್ದು ತಮ್ಮ ಬೇಡಿಕೆ ಹೇಳುತ್ತಾರೆ. ಯಾರು ಏನೇ ಹೇಳಲಿ, ಉಳಿದವರು ಆಮೆನ್ ಅನ್ನುವುದು ರೂಢಿ.

ಚುನಾವಣೆಗೆ ಮುಂಚಿನ ಭಾನುವಾರ ನಾನು ಎದ್ದೆ. ನಮ್ಮ ಓಣಿಯ ಮದ್ಯದಂಗಡಿ ಮುಚ್ಚಿಸುತ್ತೇನೆ ಎಂದಿದ್ದ ಅಭ್ಯರ್ಥಿಯ ಹೆಸರು ಹೇಳಿ, ಅವರು ಗೆಲ್ಲಲಿ ಎಂದೆ. ಕುಡಿತ ಪಾಪ ಎಂದು ಕೇಳುತ್ತಲೇ ಬೆಳೆದವಳು ನಾನು. ಆದರೆ ಒಬ್ಬರೂ ಆಮೆನ್ ಅನ್ನಲಿಲ್ಲ.

ಮನೆಯ ಅಕ್ಕ ಮೆಲ್ಲಗೆ ಅಂದರು, "ತಂಗೀ, ದಾರೂ ಅಂಗಡಿ ಬಂದ್ ಆದ್ರ ನನಗೂ ಖುಷಿನ. ಆದ್ರ ಹಿಂಗ ಮನ್ಯಾಗ ಕೂಡಿ ಪ್ರಾರ್ಥನಿ ಮಾಡೋದನ್ನೂ ಬಂದ್ ಮಾಡಸ್ತೇನಿ ಅಂತ ಅವರ ಭಾಷಣದಾಗ ಹೇಳ್ಯಾರಲ್ಲ, ನೀ ಕೇಳಿಲ್ಲೇನು?"

"ಕೇಳೇನ್ರಿ ಅಕ್ಕಾರ. ಅವರ ಎದುರು ನಿಂತ ಇನ್ನೊಬ್ಬರಿಗೆ ವೋಟ್ ಹಾಕೂಣಂದ್ರ, ಆ ದಾರೂ ಅಂಗಡಿ ಅವರ ತಮ್ಮಂದ ಐತಿ."

ಹಿಂದೆ ಕುಳಿತಿದ್ದ ಸಭೆಯ ಹಿರಿಯ ಅಜ್ಜ ನಕ್ಕರು. "ಹಂಗಾರ ಇಬ್ಬರಿಗೂ ಬುದ್ಧಿ ಕೊಡು ಅಂತ ಬೇಡ್ಕೋವಾ. ಕೆಲಸ ದೇವರಿಗೆ ಬಿಡು."

ಎಲ್ಲರೂ ನಕ್ಕರು. ನನಗೆ ಮಾತ್ರ ಆ ವಾರವಿಡೀ ಸಮಾಧಾನವಿರಲಿಲ್ಲ. ಮತಯಂತ್ರದ ಮುಂದೆಯೂ ಬೆರಳು ಎತ್ತಿಕೊಂಡು ಸುಮ್ಮನೆ ನಿಂತುಬಿಟ್ಟೆ. "ಲಗೂ ಮುಗಸ್ರೀ" ಎಂದು ಅಧಿಕಾರಿ ಕೂಗಿದಾಗ ಅಂಗಡಿಯವನ ಅಣ್ಣನಿಗೇ ಒತ್ತಿದೆ. ಪಡಸಾಲೆಯ ಪ್ರಾರ್ಥನೆಯೇನೋ ಉಳಿಯಬಹುದು. ಆದರೆ ಸಂಜೆ ಆ ಅಂಗಡಿಯ ಮುಂದೆ ನಡೆಯುವಾಗಲೆಲ್ಲ ನನಗೆ ತಲೆ ಎತ್ತಲಾಗುವುದಿಲ್ಲ.

ನಿಮ್ಮ ನಂಬಿಕೆಯೂ ನಿಮ್ಮನ್ನು ಹೀಗೆ ಎರಡು ಕಡೆ ಎಳೆದಿದ್ದರೆ, ಆಗ ನೀವು ಏನು ಮಾಡಿದಿರೆಂದು ದಯವಿಟ್ಟು ಬರೆದು ತಿಳಿಸಿ.