ಮುನವ್ವರಕ್ಕನ ಇರುಳಿನ ಬಣ್ಣ

ಓಶ್ ಪಟ್ಟಣದ ಬಜಾರಿನಲ್ಲಿ ಸೇತುವೆಯ ಪಕ್ಕ ಫೋಟೊ ಅಂಗಡಿ ಇಟ್ಟಿದ್ದ ತುರ್ಗುನ್‌ಬಾಯ್‌ಗೆ ಡಿಜಿಟಲ್ ಕ್ಯಾಮೆರಾದ ಮೇಲೆ ಒಂದೇ ಸಿಟ್ಟು: ಅದು ಇರುಳನ್ನು ಹಗಲು ಮಾಡುತ್ತದೆ. ಫಿಲ್ಮ್ ರೀಲು ತೊಳೆದು ಬೆಳೆದ ಮನುಷ್ಯ ಅವನು. ನೆರಳು ಕೊಂಚ ಹಸಿರಿಗೆ ತಿರುಗಿ, ದೀಪದ ಸುತ್ತ ಕೆಂಪು ಹಬ್ಬಿ, ಮೇಲೆ ರವೆ ಉದುರಿಸಿದಂತೆ ಕಾಣುವ ಹಳೆಯ ಇರುಳೇ ಅವನಿಗೆ ಬೇಕು. ಪಾಸ್‌ಪೋರ್ಟಿನ ಫೋಟೊಗೆ ಬಂದವರಿಗೂ, “ಸ್ವಲ್ಪ ಕತ್ತಲಾಗ್ಲಿ, ಬನ್ನಿ” ಎನ್ನುತ್ತಿದ್ದ.

ಎದುರುಗಡೆ ತಂದೂರಿ ಒಲೆಯಲ್ಲಿ ಮಾಂಸ ತುಂಬಿದ ಸಮ್ಸಾ ಸುಡುತ್ತಿದ್ದವಳು ಮುನವ್ವರ್. ಐವತ್ತು ದಾಟಿದ ವಿಧವೆ, ಬಾಯಿ ಬಹಳ ಜೋರು. ಉಜ್ಗೆನ್‌ನಲ್ಲಿದ್ದ ತಂಗಿ ಅವಳಿಗೊಂದು ಗಂಡು ಗೊತ್ತುಮಾಡಿ, ಫೋಟೊ ಕಳಿಸು ಎಂದು ಹೇಳಿಕಳಿಸಿದಳು. ಮುನವ್ವರ್ ಮುಸ್ಸಂಜೆಗೆ ರೇಷ್ಮೆ ಅಂಗಿ ತೊಟ್ಟು ಬಿಳಿ ಬೀದಿದೀಪದ ಕೆಳಗೆ ನಿಂತಳು.

ತುರ್ಗುನ್‌ಬಾಯ್ ಕ್ಯಾಮೆರಾದ ಬಣ್ಣವನ್ನು ಹಳದಿ ಬಲ್ಬಿನ ಬೆಳಕಿಗೆ ಹೊಂದಿಸಿ ಒಂದು ಚಿತ್ರ ಹೊಡೆದ. ಬೀದಿಯೂ ನೀಲಿ, ಅವಳೂ ನೀಲಿ.

“ಲೋ, ಮದುವೆಗೆ ಕೇಳಿದ್ದು ಕಣೋ, ಮಣ್ಣಿಗಲ್ಲ!”

ಅವನು ಹಳದಿಯ ಕಡೆಗೆ ತಿರುಗಿಸಿದ.

“ಈಗ ಕಾಮಾಲೆ ಬಂತು!”

ಅಷ್ಟರಲ್ಲಿ ಒಲೆಯಿಂದ ಸೀದ ವಾಸನೆ ಬಂತು. ಅವಳು ಶಾಪ ಹಾಕುತ್ತ ಓಡಿ ಒಲೆಯ ಬಾಯಿಗೆ ಬಗ್ಗಿದಳು. ಕೆಂಡದ ಬೆಳಕು ಮುಖಕ್ಕೆ ಹೊಡೆಯಿತು.

“ಅಲ್ಲೇ ಇರಕ್ಕಾ, ಅಲ್ಲಾಡ್ಬೇಡ!”

ಅವನು ಬಣ್ಣವನ್ನು ಮತ್ತೆ ಬಲ್ಬಿನ ಬೆಳಕಿಗೇ ತಿರುಗಿಸಿದ. ನೆರಳಿಗೆ ಚಿಟಿಕೆ ಹಸಿರು ಬೆರೆಸಿ, ಒಟ್ಟು ಬೆಳಕು ತಗ್ಗಿಸಿ, ಮೇಲೊಂದಿಷ್ಟು ರವೆ ಕೂರಿಸಿ ಗುಂಡಿ ಒತ್ತಿದ. ಬೀದಿ ಕಡುನೀಲಿಯಾಗಿ ಹಿಂದೆ ಸರಿದಿತ್ತು. ಮುನವ್ವರಳ ಕೆನ್ನೆ ಮಾತ್ರ ಏಪ್ರಿಕಾಟ್ ಹಣ್ಣಿನಂತೆ ಮಾಗಿತ್ತು. ಅವಳು ಫೋಟೊ ನೋಡಿದವಳೇ ಅದನ್ನು ತಂಗಿಯ ಫೋನಿಗೆ ಕಳಿಸಿದಳು.

ಮುಂದಿನ ವಾರ ಗಂಡು ಬಂದೇಬಿಟ್ಟ. ಎರ್ಗಾಶ್ ಅಂತ, ಭತ್ತ ಬೆಳೆಯುವವನು. ಬಂದದ್ದು ನಡುಹಗಲಲ್ಲಿ. ಫೋನಿನ ಚಿತ್ರ ನೋಡಿದ, ಒಲೆಯ ಮುಂದೆ ಬೆವರುತ್ತಿದ್ದವಳನ್ನು ನೋಡಿದ.

“ಮುನವ್ವರ್ ಅಂತ... ನಿಮ್ಮ ತಂಗೀನಾ?”

ತುರ್ಗುನ್‌ಬಾಯ್ ಅಂಗಡಿಯೊಳಗೆ ಅವಿತುಕೊಂಡ. ಮುನವ್ವರ್ ಮಾತ್ರ ಕಣ್ಣು ಮಿಟುಕಿಸಲಿಲ್ಲ. “ಕೂತ್ಕೊಳ್ಳಿ. ಸಂಜೆಗೆ ಬರ್ತಾಳೆ.”

ಅವನು ಕೂತ. ಚಹಾ ಕುಡಿದ, ಸಮ್ಸಾ ತಿಂದ. ಸುಮ್ಮನೆ ಕೂತವನಿಗೆ ಅವಳು ಸೌದೆ ಹೊರಿಸಿದಳು, ಈರುಳ್ಳಿ ಹೆಚ್ಚಿಸಿದಳು, ಹೆಚ್ಚಿದ್ದು ದಪ್ಪವಾಯಿತೆಂದು ಬೈದಳು. ಬೀದಿದೀಪ ಹೊತ್ತಿದಾಗ ಅವಳು ಒಲೆಗೆ ಬಗ್ಗಿದಳು. ಎರ್ಗಾಶ್ ಚಾಕು ಕೆಳಗಿಟ್ಟ.

“ಬಂದ್ರು.”

“ಮತ್ತೆ ಮಧ್ಯಾಹ್ನದಿಂದ ಬೈಸ್ಕೊಂಡಿದ್ದು ಯಾರ ಹತ್ರ?”

“ಅವರ ಹತ್ರ. ಅವರೂ ಪರವಾಗಿಲ್ಲ.”

ಚಳಿಗಾಲಕ್ಕೆ ಮುಂಚೆ ನಿಕಾಹ್ ಆಯಿತು. ಎರ್ಗಾಶ್ ಗದ್ದೆಯನ್ನು ತಮ್ಮನಿಗೆ ಬಿಟ್ಟು ಓಶ್‌ಗೆ ಬಂದು ನೆಲೆಸಿದ. ಸುದ್ದಿ ಹರಡಿ, ಈಗ ಮುಸ್ಸಂಜೆಯಾದರೆ ಊರಿನ ವಿಧವೆಯರು, ವಿಧುರರು ಒಲೆಯ ಮುಂದೆ ಸಾಲು ನಿಲ್ಲುತ್ತಾರೆ. ಸಮ್ಸಾ ಕೊಳ್ಳದವರನ್ನು ಮುನವ್ವರ್ ಒಲೆಯ ಹತ್ತಿರ ಬಿಡುವುದಿಲ್ಲ. ತುರ್ಗುನ್‌ಬಾಯ್‌ಗೆ ಕೈತುಂಬ ಕೆಲಸ. ಅವನ ತಲೆನೋವೆಂದರೆ ಎರ್ಗಾಶ್ ಒಬ್ಬನೇ. ಪ್ರತಿ ಚಿತ್ರಕ್ಕೂ ಹೆಗಲ ಮೇಲಿಂದ ಇಣುಕಿ ಹೇಳುತ್ತಾನೆ:

“ಹಸಿರು ಒಂಚೂರು ಜಾಸ್ತಿ ಆಯ್ತಲ್ವಾ?”